ಅದೇ ಡಾಕ್ಟರು, ಅದೇ ಗುಳಿಗೆ

ಜುಲೈ 6, 2004

ತಿಂದದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡಬೇಕಂತೆ, ಮುಂದಿನ ಸಲ ತಂದು ತೋರಿಸಬೇಕಂತೆ. ಡಾಕ್ಟರ್ ಇಕ್ಬಾಲ್ ಬೇಗಂ ಅವರ ಅಪ್ಪಣೆ. ತೋರಿಸುವುದಕ್ಕೆ ಬೇರೆ ಒಂದು ಬರೆದರಾಯಿತು. ಇದು ನನಗೇ ಇರಲಿ.

ಇವತ್ತು ಬೆಳಿಗ್ಗೆ ಚಹಾ, ಅದರಲ್ಲಿ ಅದ್ದಿಕೊಂಡು ಖಾರಿ ಬಿಸ್ಕೀಟು. ಹತ್ತು ಗಂಟೆಗೆ ಮಂಡಕ್ಕಿಯ ಸುಸಲಾ, ಜೊತೆಗೆ ಮಿರ್ಚಿ ಭಜಿ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಮೇಲೆ ಅನ್ನ ಸಾರು. ಸಂಜೆ ಗಿರಾಕಿ ಬಂದಳೆಂದು ಅವಳೊಂದಿಗೆ ಚಹಾ, ಮತ್ತೊಬ್ಬಳು ಬಂದಳೆಂದು ಮತ್ತೊಮ್ಮೆ. ಊಟ ಇನ್ನೂ ಆಗಬೇಕು.

ನಮ್ಮ ಬಡಾವಣೆ ಖೂಬಾ ಪ್ಲಾಟಿನ ಹೆಂಗಸರಿಗೆಲ್ಲ ಸೀರೆಯ ಜಂಪರ್ ಹೊಲಿಯುತ್ತ, ಅವರ ಎದೆ ಸೊಂಟಗಳಿಗೆ ಟೇಪು ಹಿಡಿಯುತ್ತ ವಯಸ್ಸು ಕಳೆದವಳು ನಾನು. ಇವತ್ತು ನನ್ನ ಸೊಂಟಕ್ಕೆ ಇನ್ನೊಬ್ಬರು ಟೇಪು ಹಿಡಿದರು. ಅದೂ ಹೇಗೆ, ಸೀರೆಯ ನೆರಿಗೆಯ ಮೇಲೆಯೇ.

"ಟೇಪು ಬರೋಬ್ಬರಿ ಹಿಡೀರಿ ಡಾಕ್ಟರಮ್ಮಾ," ಎಂದೆ.

"ಹಂಗಿದ್ರ ನೀವೇ ಹಿಡೀರಿ," ಎಂದು ಟೇಪನ್ನು ನನ್ನ ಕೈಗೇ ಕೊಟ್ಟರು. ನಾನು ಹಿಡಿಯಲಿಲ್ಲ.

ಆಮೇಲೆ ರಕ್ತದ ರಿಪೋರ್ಟು ನೋಡಿ ಹೇಳಿದರು: "ಥೈರಾಯ್ಡ್ ಒಂದು ಮಾತು ಜಯದೇವಿ, ಇದು ಇನ್ನೊಂದು. ನಿಮ್ಮ ಸೊಂಟ, ಬೀಪಿ, ಸಕ್ಕರಿ, ರಕ್ತದಾಗಿನ ಕೊಬ್ಬು, ನಾಕೂ ಕೂಡಿ ಏರ್ಯಾವ. ಇದಕ್ಕ ಮೆಟಬಾಲಿಕ್ ಸಿಂಡ್ರೋಮ್ ಅಂತಾರ. ಥೈರಾಯ್ಡ್ ಇದ್ದವರಿಗೆ ಇದು ಜಲ್ದಿ ಗಂಟು ಬೀಳ್ತದ. ಹಿಂಗೇ ಬಿಟ್ರ ನಾಳಿ ಸಕ್ಕರಿ ಬ್ಯಾನಿ, ನಾಡದು ಹಾರ್ಟು."

"ಅಂದ್ರ ಎಲ್ಲಾ ಥೈರಾಯ್ಡಿಂದೇ ಆತಲ್ರಿ. ಗುಳಿಗಿ ಜಾಸ್ತಿ ಮಾಡ್ರಿ."

"ಎಲ್ಲಾ ಅದರ ತಲಿ ಮ್ಯಾಲ ಹಾಕಬ್ಯಾಡ್ರಿ. ಗುಳಿಗಿ ಥೈರಾಯ್ಡಿಗೆ ಅದ, ಮಿರ್ಚಿ ಭಜಿಗೆ ಇಲ್ಲ. ಭಜಿ ಬಿಡ್ರಿ, ದಿನಾ ನಡೀರಿ."

ನನಗೆ ಕೊಟ್ಟ ಗುಳಿಗೆ ಸಾಲುತ್ತಿಲ್ಲ, ಅಷ್ಟೇ. ಇಲ್ಲದಿದ್ದರೆ ಚಂದಮ್ಮ ಹೇಗೆ ಸಣ್ಣಗಾದಳು? ಒಡಹುಟ್ಟಿದ ತಂಗಿ, ನನಗಿಂತ ಏಳು ವರ್ಷ ಚಿಕ್ಕವಳು. ಕಮಲಾಪುರದಲ್ಲಿ ಗಂಡನ ಬಾಳೆತೋಟದಲ್ಲಿರುತ್ತಾಳೆ. ಹೋದ ವರ್ಷ ಅವಳೂ ನನ್ನ ಹಾಗೆಯೇ ಮುಖ ಕೈಕಾಲು ಉಬ್ಬಿಸಿಕೊಂಡು ಬಂದಿದ್ದಳು. ನಾನೇ ಕೈಹಿಡಿದು ಇದೇ ಡಾಕ್ಟರ ಹತ್ತಿರ ಕರೆದೊಯ್ದೆ. ಅದೇ ಬೇನೆ, ಅದೇ ಡಾಕ್ಟರು, ಅದೇ ಗುಳಿಗೆ. ಅವಳು ಈಗ ಮೈನೆರೆದ ಹುಡುಗಿಯ ಹಾಗಿದ್ದಾಳೆ. ನಾನು ಹೀಗಿದ್ದೇನೆ.

ಜುಲೈ 19

ಚಂದಮ್ಮ ಬಂದಿದ್ದಳು. ನಾನೇ ಹೊಲಿದುಕೊಟ್ಟ ಜಂಪರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, "ಅಕ್ಕಾ, ಎಲ್ಲಾ ಸಡ್ಲ ಆಗ್ಯಾವ, ಎರಡೂ ಬಾಜೂ ಜರಾ ಹಿಡಿ," ಎಂದಳು. ಅದನ್ನು ಇಬ್ಬರು ಗಿರಾಕಿಗಳ ಮುಂದೆ ಹೇಳಬೇಕಿತ್ತೇ? ಅವರಲ್ಲಿ ಒಬ್ಬಳು, ಹೊಸದಾಗಿ ಬರುವವಳು, ನನ್ನನ್ನೂ ಅವಳನ್ನೂ ನೋಡಿ, "ಇವರು ನಿಮ್ಮ ಮಗಳೇನ್ರಿ?" ಎಂದು ಕೇಳಿದಳು. ಚಂದಮ್ಮ ನಕ್ಕಳು. ಅವಳ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಆದರೆ ನಾನು ಅವಳ ಜಾಗದಲ್ಲಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಬೇರೆ ಹೆಸರಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಸೂಜಿಗೆ ದಾರ ಪೋಣಿಸುವಾಗ ಕೂಡ ಅವಳ ಸೊಂಟವೇ ಕಣ್ಣಿಗೆ ಕಟ್ಟುತ್ತಿತ್ತು. ಅವಳಿಗಿಲ್ಲದ್ದು ನನಗೊಂದಿದೆ, ನನ್ನ ಮಗಳು ಸುವರ್ಣಾ. ಚಂದಮ್ಮನ ಮದುವೆಯಾಗಿ ಹನ್ನೊಂದು ವರ್ಷವಾಯಿತು, ಎರಡು ಸಲ ಬಸಿರು ನಿಂತದ್ದೂ ಹೋಯಿತು. ಪಾಪ ಎನಿಸುತ್ತದೆ. ಪಾಪ ಎನಿಸಿದಾಗ ಸ್ವಲ್ಪ ಸಮಾಧಾನವೂ ಆಗುತ್ತದೆ.

ಕೆಂಪು ಬಾಳೆಹಣ್ಣು ತಂದಿದ್ದಳು, ಅರ್ಧ ನಮಗೆ, ಅರ್ಧ ಡಾಕ್ಟರಿಗೆ. ಹದಿನೈದು ದಿನದ ಹಿಂದಷ್ಟೇ ತೋರಿಸಿಕೊಂಡು ಹೋದವಳು ಮತ್ತೆ ಯಾಕೆ ಹೋಗುತ್ತಾಳೆ? ಕೇಳಿದರೆ, "ಹಂಗೇ ಅಕ್ಕಾ, ಬರಾಕ ಹೇಳ್ಯಾರ," ಎಂದಳು. ನನ್ನನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಬಾ ಎನ್ನುತ್ತಾರೆ.

ಸಂಜೆ ಬಾಜೂಮನೆಯ ಮಹಾದೇವಮ್ಮ ಬಂದು ನನ್ನ ಮುಖ ನೋಡಿ, ನಿನಗೆ ಯಾರದೋ ದೃಷ್ಟಿಯಾಗಿದೆ ಎಂದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ಸುತ್ತ ನಿವಾಳಿಸಿ, ನನ್ನ ಇಸ್ತ್ರಿ ಪೆಟ್ಟಿಗೆಯ ಕೆಂಡದೊಳಗೇ ಹಾಕಿದಳು. ದೃಷ್ಟಿ ಇಲ್ಲದಿದ್ದರೆ ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಬೇಕು, ಇದ್ದರೆ ಘಾಟೇ ಏಳುವುದಿಲ್ಲ. ಒಬ್ಬರೂ ಕೆಮ್ಮಲಿಲ್ಲ. "ನೋಡು, ಎಷ್ಟು ಜೋರು ಕಣ್ಣು," ಎಂದಳು ಮಹಾದೇವಮ್ಮ.

"ಕೆಂಡ ಆರಿತ್ತು," ಎಂದರು ನಮ್ಮವರು. ದಾಲ್ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡಿ ಮಾಡಿ ಇವರಿಗೆ ಎಲ್ಲದಕ್ಕೂ ಒಂದು ಕಾರಣ ಬೇಕು.

ಆಗಸ್ಟ್ 7

ನಡೆಯಲು ಹೋಗಿದ್ದೆ. ಅಪ್ಪನ ಕೆರೆಯವರೆಗೆ ನಡೆದೆ, ಮೊಣಕಾಲು ಹಿಡಿಯಿತು, ಆಟೋದಲ್ಲಿ ಬಂದೆ. ಕೆರೆಯ ದಂಡೆಗೆ ಬಿಸಿ ಭಜಿ ಕರಿಯುತ್ತಿದ್ದರು. ಇಷ್ಟು ಸಾಕು ಬರೆದದ್ದು.

ಆಗಸ್ಟ್ 20, ಪಂಚಮಿ

ಅವ್ವ ಹೋದಮೇಲೆ ಬ್ರಹ್ಮಪುರದ ಮನೆ ಇಲ್ಲ. ಚಂದಮ್ಮನಿಗೆ ತವರೆಂದರೆ ಈಗ ನನ್ನ ಮನೆ. ಪಂಚಮಿಗೆ ಕರೆಯಲೇಬೇಕು, ಕರೆದೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿದೆ. ಕಟ್ಟುವಾಗ ರುಚಿ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

ಅವಳು ಒಂದು ಉಂಡಿಯನ್ನೂ ಪೂರ್ತಿ ತಿನ್ನಲಿಲ್ಲ. ಚೂರು ಮುರಿದು ಬಾಯಿಗಿಟ್ಟು, "ಸಾಕಕ್ಕಾ, ಒಲ್ಲೆ," ಎಂದಳು. ಕೆನ್ನೆಗಳು ಒಳಗೆ ಹೋಗಿವೆ, ಕುತ್ತಿಗೆಯ ಎಲುಬು ಕಾಣುತ್ತದೆ. ಊಟಕ್ಕೆ ಕುಳಿತಾಗಲೂ ಅರ್ಧ ರೊಟ್ಟಿ ಉಪ್ಪಿನಕಾಯಿಗೆ ಒರೆಸಿಕೊಂಡು ಎದ್ದುಬಿಟ್ಟಳು. "ಚಿಕ್ಕಮ್ಮ ಡಯಟ್ ಮಾಡಾಕತ್ಯಾಳ, ನೀನೂ ಮಾಡವ್ವಾ," ಎಂದಳು ಸುವರ್ಣಾ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕೂಡ ಅವಳ ಕಡೆ.

ಮಧ್ಯಾಹ್ನ ಮಹಾದೇವಮ್ಮನ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೋದ ವರ್ಷ ನಾನು ಕುಳಿತಾಗ ಟೊಂಗೆ ಕಿರ್ ಎಂದಿತ್ತು, ಓಣಿಯ ಹೆಂಗಸರೆಲ್ಲ ನಕ್ಕಿದ್ದರು. ಈ ವರ್ಷ ನಾನು ಕುಳಿತುಕೊಳ್ಳಲೇ ಇಲ್ಲ. ಚಂದಮ್ಮನಿಗೇನು ಧಾಡಿ? ಸಣ್ಣವಳಿದ್ದಾಗ ಜೋಕಾಲಿಯಿಂದ ಇಳಿಸಬೇಕಾದರೆ ಅವ್ವ ಬಡಿಗೆ ಹಿಡಿಯಬೇಕಿತ್ತು. ಇವತ್ತು ಎಲ್ಲರೂ ಕೈಹಿಡಿದು ಎಳೆದರೂ, "ಒಲ್ಲೆ, ತಲಿ ತಿರುಗ್ತದ," ಎನ್ನುತ್ತ ಕಟ್ಟೆಯ ಮೇಲೆ ಕೂತೇ ಇದ್ದಳು. ನನಗೆ ಗೊತ್ತು, ನಾನು ಕೂಡಲಾರೆನೆಂದು ಕರುಣೆ ತೋರಿಸಿದಳು. ಅವಳು ಜೋಕಾಲಿ ಜೀಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಗಸ್ಟ್ 21

ಬರೆಯಲೋ ಬೇಡವೋ ಎಂದು ವಹಿ ತೆಗೆದು ಮುಚ್ಚಿ ಮಾಡಿದೆ.

ಬೆಳಿಗ್ಗೆ ಚಂದಮ್ಮ ಸ್ನಾನಕ್ಕೆ ಹೋಗಿದ್ದಳು. ಅವಳ ಚೀಲದ ಬಾಯಿ ತೆರೆದಿತ್ತು, ಗುಳಿಗೆಯ ಶೀಶೆ ಮೇಲೆಯೇ ಇತ್ತು. ನನ್ನದೇ ಕಂಪನಿ, ಅದೇ ಶೀಶೆ, ಅದೇ ಮುಚ್ಚಳ. ಚೀಟಿಯ ಮೇಲೆ ಮಾತ್ರ ನೂರು ಎಂದಿತ್ತು. ನನ್ನದರ ಮೇಲೆ ಐವತ್ತು.

ಹಾಗಾದರೆ ಇದು ಸಂಗತಿ. ನನಗೆ ಭಜಿ ಬಿಡು, ನಡೆ ಎಂದು ಬುದ್ಧಿ ಹೇಳುವ ಡಾಕ್ಟರು ಅವಳಿಗೆ ಎರಡು ಪಟ್ಟು ಕೊಟ್ಟಿದ್ದಾರೆ. ಕೆಂಪು ಬಾಳೆಹಣ್ಣು ತಿಂದ ಋಣ. ನಾನು ನಿಂತಲ್ಲೇ ಕುದಿದೆ. ಆಮೇಲೆ ನನ್ನ ಶೀಶೆ ತಂದು, ಅವಳ ಗುಳಿಗೆಗಳನ್ನು ನನ್ನದಕ್ಕೆ, ನನ್ನವನ್ನು ಅವಳದಕ್ಕೆ ಸುರಿದೆ. ಎರಡೂ ಬಿಳಿ, ಎರಡೂ ಸಣ್ಣ, ಚೀಟಿ ತೆಗೆದರೆ ಕಂಪನಿಯವನಿಗೂ ಗುರುತು ಸಿಗಲಿಕ್ಕಿಲ್ಲ. ಅವಳ ಗುಳಿಗೆಗಳ ಜೊತೆ ನಾಲ್ಕೈದು ಹಳದಿ ಅಕ್ಕಿಕಾಳೂ ಬಿದ್ದವು. ಗುಡಿಯ ಅಕ್ಷತೆ ಇರಬೇಕು, ಗುಳಿಗೆಗೂ ಅಕ್ಷತೆ ಹಾಕುವ ಹುಚ್ಚಿ ಅವಳು. ಕಿಟಕಿಯಿಂದ ಗುಬ್ಬಿಗಳಿಗೆ ಎಸೆದೆ.

ಅವಳೇನೂ ಸಾಯುವುದಿಲ್ಲ. ಸ್ವಲ್ಪ ದಪ್ಪಗಾಗುತ್ತಾಳೆ. ಆಗಲಿ, ಜಂಪರ್ ಬಿಚ್ಚಿಕೊಡುತ್ತೇನೆ.

ಆಗಸ್ಟ್ 29

ನೂರರ ಗುಳಿಗೆಗೆ ಗುಣವಿದೆ. ಬೆಳಿಗ್ಗೆ ತಾನೇ ಎಚ್ಚರವಾಗುತ್ತದೆ, ಒಂದೇ ದಿನದಲ್ಲಿ ಮೂರು ಜಂಪರ್ ಮುಗಿಸಿದೆ. ಸೊಂಟಕ್ಕೆ ಇನ್ನೂ ತಿಳಿದಂತಿಲ್ಲ. ಇಂದಿನಿಂದ ಎರಡೆರಡು ನುಂಗುತ್ತೇನೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗೆ. ಈಗ ತಿಂದರೆ ಏನಾಗುತ್ತದೆ, ಗುಳಿಗೆ ಇದೆಯಲ್ಲ.

ಸೆಪ್ಟೆಂಬರ್ 9

ಎದೆಯೊಳಗೆ ಹೊಲಿಗೆ ಮಷೀನು ಓಡುತ್ತಿದೆ, ಕಾಲು ತೆಗೆದರೂ ನಿಲ್ಲುವುದಿಲ್ಲ. ಕೈ ನಡುಗಿ ಒಬ್ಬರ ಜಂಪರಿನ ಕೊರಳು ಸೊಟ್ಟ ಕತ್ತರಿಸಿದೆ. ನನ್ನ ಕೈಯಿಂದ ಇಂಥದ್ದು ಆಗಿರಲಿಲ್ಲ. ಬಟ್ಟೆ ಹೊಸದು ತಂದುಕೊಡಬೇಕು. ಇವರು ಡಾಕ್ಟರ ಹತ್ತಿರ ನಡೆ ಎನ್ನುತ್ತಾರೆ. ಹೋದರೆ ಗುಳಿಗೆ ಕಡಿಮೆ ಮಾಡುತ್ತಾರೆ, ನಾನು ಹೋಗುವುದಿಲ್ಲ.

ಸೆಪ್ಟೆಂಬರ್ 15

ಡಾಕ್ಟರ ಕಾಂಪೌಂಡರ್ ಶಫಿ ಬೆಳಿಗ್ಗೆ ಸೈಕಲ್ ಮೇಲೆ ಬಂದ. "ಜಯದೇವಿ ಬಾಯಿ, ಡಾಕ್ಟ್ರು ಇವತ್ತೇ ಬರಾಕ ಹೇಳ್ಯಾರ್ರಿ," ಎಂದ. ನನ್ನನ್ನು ಹೀಗೆ ಮನೆಗೆ ಬಂದು ಕರೆದದ್ದೇ ಇಲ್ಲ. ಸ್ವಲ್ಪ ಹಿಗ್ಗಿಯೇ ಹೋದೆ.

ಡಾಕ್ಟರಮ್ಮ ಗಡಿಯಾರ ನೋಡುತ್ತ ನಾಡಿ ಎಣಿಸಿದರು. ಬೀಪಿ ನೋಡಿದರು, ಇನ್ನೊಮ್ಮೆ ನೋಡಿದರು.

"ಗುಳಿಗಿ ಎಷ್ಟು ನುಂಗಾಕತ್ತೀರಿ?"

"ನೀವು ಹೇಳಿದಷ್ಟೇ ರೀ."

"ನಾ ಹೇಳಿದಷ್ಟು ನುಂಗಿದ್ರ ನಾಡಿ ಹಿಂಗ ಓಡಂಗಿಲ್ಲ. ಬೀಪಿ ಮೊದಲೇ ಏರಿದವರು ನೀವು, ಸಕ್ಕರಿ ಅಂಚಿಗೆ ಬಂದದ. ಇದರ ಮ್ಯಾಲ ಥೈರಾಯ್ಡ್ ಗುಳಿಗಿ ಹೆಚ್ಚು ಬಿದ್ರ ಹಾರ್ಟು ತಡೀತದೇನು? ಸಣ್ಣ ಆಗೋ ಗುಳಿಗಿ ಅಲ್ಲ ಅದು." ನನ್ನ ಕಡೆ ನೋಡದೆ ಬರೆಯುತ್ತಲೇ ಹೇಳಿದರು: "ನಿಮ್ಮ ತಂಗಿಗೆ ನೂರು ಯಾಕ ಕೊಟ್ಟೀನಿ ಗೊತ್ತದೇನು? ಹೊಟ್ಟ್ಯಾಗಿನ ಕೂಸಿನ ಸಲುವಾಗಿ. ಮೊದಲಿನ ಮೂರು ತಿಂಗಳು ಕೂಸು ತಾಯಿ ಥೈರಾಯ್ಡ್ ಮ್ಯಾಲೇ ಬೆಳೀಬೇಕು. ಕಡಿಮಿ ಬಿದ್ರ ನಿಲ್ಲೋದೇ ಕಷ್ಟ. ನಿಂತ್ರೂ ಬುದ್ಧಿ ಕಡಿಮಿ ಆಗಬಹುದು. ಆಕಿಗೆ ಮೊದಲು ಎರಡು ಹೋಗ್ಯಾವ, ನಿಮಗ ಗೊತ್ತೇ ಅದ."

ಚಂದಮ್ಮ ಬಸುರಿ. ನನಗೆ ಹೇಳಲಿಲ್ಲ. ದೇವರಾಣೆ, ಮೊದಲು ಬಂದ ವಿಚಾರ ಅದೇ. ಅವಳಿಗಿಲ್ಲದೆ ನನಗಿದ್ದದ್ದು ಅದೊಂದೇ, ಈಗ ಅದೂ ಅವಳದಾಯಿತು ಎಂದು ಹೊಟ್ಟೆಯೊಳಗೆ ಕಿಚ್ಚು ಎದ್ದಿತು. ಶಫಿ ನೀರು ತಂದುಕೊಟ್ಟ. ಗುಟುಕು ನುಂಗುವಾಗ ಗುಳಿಗೆಯ ನೆನಪಾಯಿತು.

ಪಂಚಮಿಯಿಂದ ಇವತ್ತಿನವರೆಗೆ ಅವಳು ಅರ್ಧ ಗುಳಿಗೆಯ ಮೇಲಿದ್ದಾಳೆ, ನನ್ನಿಂದ. ಜೋಕಾಲಿ ಒಲ್ಲೆ ಎಂದದ್ದು, ಉಂಡಿ ಒಲ್ಲೆ ಎಂದದ್ದು, ಆ ಅಕ್ಷತೆ. ನಾನು ಕಣ್ಣಿದ್ದೂ ಕುರುಡಿ. ಡಾಕ್ಟರಿಗೆ ಹೇಳೋಣವೆಂದು ಬಾಯಿ ತೆರೆದೆ, "ಬರ್ತೀನ್ರಿ" ಎಂದಷ್ಟೇ ಬಂತು.

ಸೆಪ್ಟೆಂಬರ್ 16

ನೂರರ ಹೊಸ ಶೀಶೆ ಕೊಂಡು ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಸ್ಟ್ಯಾಂಡಿನಿಂದ ತೋಟಕ್ಕೆ ಅರ್ಧ ತಾಸಿನ ಕಾಲುದಾರಿ. ಆಟೋ ಹೋಗುವುದಿಲ್ಲ. ಸೀರೆಯ ಅಂಚಿಗೆಲ್ಲ ಕೆಂಪು ಮಣ್ಣು. ನಡುವೆ ಎರಡು ಸಲ ಕುಳಿತೆ, ಎದೆ ಹೊಡೆದುಕೊಳ್ಳುತ್ತಿತ್ತು.

ಅವಳ ಅತ್ತೆ ಮಲ್ಕಮ್ಮ ಬಾಗಿಲಲ್ಲೇ ಸಿಕ್ಕಳು. "ಏನವ್ವಾ ಜಯದೇವಿ, ಹೇಳದ ಕೇಳದ ಬಂದಿ," ಎಂದು ನನ್ನ ಕಣ್ಣನ್ನೇ ನೋಡಿದಳು. ಆ ನೋಟದಿಂದ ತಿಳಿಯಿತು, ಯಾರಿಗೂ ಹೇಳಬೇಡ, ಅಕ್ಕನಿಗಂತೂ ಬೇಡ ಎಂದು ಹೇಳಿಕೊಟ್ಟವಳು ಇವಳೇ. ಮೂರು ತಿಂಗಳು ತುಂಬುವವರೆಗೆ ಹೇಳುವ ಪದ್ಧತಿಯಿಲ್ಲ ನಿಜ, ಹೊರಗಿನವರ ಕಣ್ಣು ಬೀಳುತ್ತದೆಂದು. ನಾನು ಹೊರಗಿನವಳೇ?

"ಜಂಪರ್ ಕೊಡಾಕ ಬಂದೆ," ಎಂದೆ. ಕೈಯಲ್ಲಿ ಜಂಪರ್ ಇರಲಿಲ್ಲ.

ಚಂದಮ್ಮ ಹಿತ್ತಲಿನಿಂದ ಬಂದಳು. ಮುಖ ಉಬ್ಬಿದೆಯೋ ಇಲ್ಲವೋ ತಿಳಿಯಲಿಲ್ಲ, ನನಗೆ ಉಬ್ಬಿದ ಹಾಗೇ ಕಂಡಿತು. ಅವಳು ಚಹಾ ಮಾಡಲು ಒಳಗೆ ಹೋದಾಗ ಗೋಡೆಯ ಗೂಡಿನಿಂದ ಶೀಶೆ ತೆಗೆದೆ. ತಳದಲ್ಲಿ ಮತ್ತೆ ಹಳದಿ ಅಕ್ಕಿಕಾಳು ಹಾಕಿಟ್ಟಿದ್ದಳು. ನಾನು ಬದಲಿಸಿದ ಗುಳಿಗೆಯ ಮೇಲೆ ದೇವರ ಅಕ್ಷತೆ. ಒಂದೊಂದೇ ಕಾಳು ಆರಿಸಿ ತೆಗೆದು, ಹೊಸ ಗುಳಿಗೆ ಸುರಿದು, ಕಾಳನ್ನು ಮತ್ತೆ ಒಳಗೆ ಹಾಕಿದೆ. ಹಳೆಯ ಗುಳಿಗೆಗಳನ್ನು ಸೆರಗಿನಲ್ಲಿ ಕಟ್ಟಿ ತಂದು ದಾರಿಯ ಕಾಲುವೆಗೆ ಎಸೆದೆ.

ಹೇಳಬೇಕೆಂದೇ ಹೋಗಿದ್ದೆ. ಹೇಳಲಿಲ್ಲ.

ಸೆಪ್ಟೆಂಬರ್ 30

ಮತ್ತೆ ಹೋಗಿ ಬಂದೆ. ಹೋಗದಿದ್ದರೆ ಮನೆಯಲ್ಲಿ ಕೈ ಓಡುವುದಿಲ್ಲ. ಹಾಗಲಕಾಯಿ ಒಯ್ದೆ, ಹೋದ ವಾರ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಒಯ್ದಿದ್ದೆ. ಅವಳ ಹೊಟ್ಟೆಯ ಕಡೆ ನೋಡಬಾರದೆಂದು ನೆಲ ನೋಡುತ್ತ ಕೂಡುತ್ತೇನೆ. ನನಗೆ ಗೊತ್ತಿದೆ ಎಂದು ಹೇಳುವಂತಿಲ್ಲ, ಹೇಳಿದರೆ ಹೇಗೆ ಗೊತ್ತಾಯಿತು ಎನ್ನುತ್ತಾಳೆ, ಅಲ್ಲಿಂದ ಗುಳಿಗೆಯವರೆಗೆ ಒಂದೇ ಹೆಜ್ಜೆ.

ಮಲ್ಕಮ್ಮ ಅವಳಿಗೆ ಬಿಸಿನೀರು ಕಾಸುತ್ತಾಳೆ, ಕಾಲು ಒತ್ತುತ್ತಾಳೆ, ನನ್ನ ಮುಂದೆ ಅದನ್ನು ಮುಚ್ಚಿಡಲು ಒದ್ದಾಡುತ್ತಾಳೆ. ಅವ್ವ ಇದ್ದಿದ್ದರೆ ಆ ಕಾಲು ಒತ್ತುತ್ತಿದ್ದಳು. ಅವ್ವ ಇಲ್ಲವೆಂದ ಮೇಲೆ ನಾನು ಒತ್ತಬೇಕಿತ್ತು. ಆ ಮುದುಕಿಯನ್ನು ಕಂಡರೆ ನನಗೆ ಆಗುವುದಿಲ್ಲ.

ಎದೆ ಈಗ ಹೊಡೆದುಕೊಳ್ಳುವುದಿಲ್ಲ. ನನ್ನ ಐವತ್ತನ್ನೇ ಹೊಸದಾಗಿ ತಂದು ನುಂಗುತ್ತಿದ್ದೇನೆ.

ಅಕ್ಟೋಬರ್ 16

ಬಸ್ಸಿಗೆ ಹೊತ್ತಾಯಿತೆಂದು ಒಂದು ರೊಟ್ಟಿ, ಪಲ್ಯ ಕಟ್ಟಿಕೊಂಡು ಓಡಿದೆ. ತಿಂದದ್ದು ಅಷ್ಟೇ. ಇತ್ತೀಚೆಗೆ ವಾರಕ್ಕೆ ಎರಡು ಸಲವಾದರೂ ಹೋಗುತ್ತೇನೆ. ದಾರಿಯಲ್ಲಿ ಕೂಡುವ ಕಲ್ಲು ಇವತ್ತು ಯಾವಾಗ ದಾಟಿತೋ ನೆನಪಿಲ್ಲ.

ಕೂಸು ನಿಂತಿದೆ. ನಿಂತರೂ ಬುದ್ಧಿ ಕಡಿಮೆ ಆಗಬಹುದು ಎಂದಿದ್ದರಲ್ಲ. ಹುಟ್ಟಿ, ನಕ್ಕು, ಮಾತಾಡುವವರೆಗೆ ನನಗೆ ಸಮಾಧಾನವಿಲ್ಲ.

ಲಂಗದ ಲಾಡಿಗಳೆಲ್ಲ ಉದ್ದವಾಗಿವೆ. ಈಗಿನ ಲಾಡಿಯ ನೂಲೇ ಸರಿಯಿಲ್ಲ, ತೊಳೆದರೆ ಜಗ್ಗುತ್ತದೆ.

ನವೆಂಬರ್ 4

ಡಾಕ್ಟರ ಹತ್ತಿರ ಹೋಗಿದ್ದೆ. ಬೀಪಿ ಇಳಿದಿದೆಯಂತೆ, ಸಕ್ಕರೆಯೂ ಸ್ವಲ್ಪ ಇಳಿದಿದೆಯಂತೆ.

"ನಡೀಲಾಕತ್ತೀರೇನು?" ಎಂದು ಕೇಳಿದರು.

"ಎಲ್ಲಿ ನಡೀಲ್ರಿ, ಕಮಲಾಪುರಕ್ಕ ಹೋಗಿ ಬರೂದರಾಗೇ ಹೊತ್ತು ಹೋಗ್ತದ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು. ತಿಂದದ್ದು ಬರೆದ ವಹಿ ತಂದೀರೇನು ಎಂದರು. ತಂದಿರಲಿಲ್ಲ. ತೋರಿಸುವ ವಹಿಯನ್ನು ನಾನು ಬರೆದೇ ಇಲ್ಲ.

ನವೆಂಬರ್ 18

ಕೊನೆಗೂ ಹೇಳಿದಳು. ಬಾಳೆಗಿಡಗಳ ನಡುವೆ ನೀರು ತಿರುಗಿಸುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡೇ, "ಅಕ್ಕಾ, ನಂದು ಐದು ತುಂಬಿ ಆರನೇದರಾಗ ಬಿದ್ದದ," ಎಂದಳು. ಎರಡು ತಿಂಗಳಿಂದ ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಮಾಡಿದ್ದೆ. "ಕಾಣ್ತದಲ್ಲ," ಎಂದೆ.

"ಕುಬಸ ನೀನೇ ಮಾಡಬೇಕು. ಅವ್ವ ಇಲ್ಲ."

ಏಳನೇ ತಿಂಗಳಿಗೆ ತವರಿನವರು ಬಸುರಿಗೆ ಹಸಿರು ಸೀರೆ, ಹಸಿರು ಜಂಪರ್, ಹಸಿರು ಬಳೆ ಇಟ್ಟು ಉಡಿ ತುಂಬಬೇಕು. ಅದು ನನ್ನ ಹಕ್ಕು. ಹಸಿರು ಜಂಪರ್ ಹೊಲಿಯುವ ಕೈಯೂ ಇದೇ, ಗುಳಿಗೆ ಬದಲಿಸಿದ ಕೈಯೂ ಇದೇ. ಹೂಂ ಎಂದು ಬಂದೆ. ಬಸ್ಸಿನಲ್ಲಿ ಕುಳಿತು ಅತ್ತೆ. ಪಕ್ಕದವಳು ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು.

ಡಿಸೆಂಬರ್ 3

ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಹೇಳದೆ ಅವಳ ಮೈಗೆ ಟೇಪು ಹಿಡಿಯಲಾರೆನೆಂದು ದಾರಿಯಲ್ಲೇ ನಿಶ್ಚಯ ಮಾಡಿದ್ದೆ. ಮಲ್ಕಮ್ಮ ಊರೊಳಗೆ ಹೋಗಿದ್ದಳು, ಅವಳ ಗಂಡ ದೇವೀಂದ್ರಪ್ಪ ತೋಟದಲ್ಲಿದ್ದ. ಮನೆಯಲ್ಲಿ ನಾವಿಬ್ಬರೇ.

"ಚಂದಾ, ಪಂಚಮಿಗಿ ನಾ ನಿನ್ನ ಗುಳಿಗಿ ಬದಲ್ ಮಾಡೀನಿ," ಎಂದೆ. "ನಿಂದು ನೂರರದು ನಾ ತಗೊಂಡೆ, ನಂದು ಐವತ್ತರದು ನಿನಗ ಹಾಕಿದೆ. ಕೂಸಿನ ಸುದ್ದಿ ನನಗ ಗೊತ್ತಿರಲಿಲ್ಲ. ನೀ ಸಣ್ಣ ಆಗಿದ್ದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ."

ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ಕುಳಿತೆ. ಬೈದರೆ ಹಗುರಾಗುತ್ತಿತ್ತು.

"ಗೊತ್ತದ ಅಕ್ಕಾ," ಎಂದಳು.

ನಾನು ತಲೆ ಎತ್ತಿದೆ.

"ನಿಮ್ಮ ಮನಿಂದ ಬಂದು ಮರುದಿನ ಶೀಶೆ ತೆರೆದೆ. ಅಕ್ಷತಿ ಇರಲಿಲ್ಲ. ಗುಳಿಗಿ ಅದಾವ, ಅಕ್ಷತಿ ಎಲ್ಲಿ ಹೋತು? ನಿನ್ನ ಬಿಟ್ರ ನನ್ನ ಚೀಲ ಮುಟ್ಟಾವರು ಯಾರು? ಅವತ್ತೇ ಇವರನ್ನ ಕಳಿಸಿ ಬ್ಯಾರೆ ಶೀಶೆ ತರಿಸಿದೆ. ನಿನ್ನ ಗುಳಿಗಿ ಒಂದೂ ನುಂಗಿಲ್ಲ ನಾ."

ಕೂಸಿಗೆ ಏನೂ ಆಗಿಲ್ಲ. ಹಾಗಾದರೆ ನಾನು ಕಾಲುವೆಗೆ ಎಸೆದದ್ದೂ ನೂರರ ಗುಳಿಗೆಗಳೇ.

"ತಿಂಗಳ ತಪಾಸಣಿಗೆ ಹೋದಾಗ ಡಾಕ್ಟ್ರಿಗೆ ಹೇಳಿದೆ, ಅಕ್ಕ ನನ್ನ ಗುಳಿಗಿ ಒಯ್ದಾಳ, ನಗ್ಯಾಡಕೋತ ಹೇಳಿದೆ. ಅವರು ನನಗೇ ಬೈದ್ರು, ಆಕಿ ಜೀವಕ್ಕ ಖರಾಬ್ ಆಗ್ತದಂತ. ಆವಾಗಲೇ ಶಫಿನ್ನ ಕಳಿಸಿದ್ರು."

"ಹಂಗಿದ್ರ ನನಗ್ಯಾಕ ಹೇಳಲಿಲ್ಲ? ಎರಡೂವರಿ ತಿಂಗಳು ನಾ ಹೆಂಗ ಇದ್ದೀನಿ ಗೊತ್ತೇನು ನಿನಗ?"

ಅವಳು ಸೆರಗಿನ ತುದಿ ಸುತ್ತುತ್ತ ಕುಳಿತಳು. "ಹೇಳಿದ್ರ ನೀ ಬರಾದು ಬಿಡ್ತಿದ್ದಿ," ಎಂದಳು. "ಹನ್ನೊಂದು ವರ್ಷದಾಗ ಈ ತೋಟಕ್ಕ ಎಷ್ಟು ಸಲ ಬಂದೀದಿ? ಸುವರ್ಣಾನ್ನ ಎತ್ಕೊಂಡು ನೀ ಕುಂತಿದ್ದಿ, ನಾ ನೋಡಕೋತ ನಿಲ್ತಿದ್ದೆ. ನನಗೂ ಆಗ ಸಂಕಟ ಆಗ್ತಿತ್ತು ಅಕ್ಕಾ. ನೀ ಒಬ್ಬಾಕೇ ಅಲ್ಲ."

ನಾನು ಟೇಪು ತೆಗೆದು ಅವಳ ಅಳತೆ ಹಿಡಿದೆ. ಸೊಂಟ ನನ್ನದಕ್ಕಿಂತ ದೊಡ್ಡದು. ಮೊದಲಿನ ನಾನಾಗಿದ್ದರೆ ಇವತ್ತಿಗೆ ಅಷ್ಟೇ ಸಾಕಿತ್ತು. ಅವಳು ಟೇಪನ್ನು ನನ್ನ ಕೈಯಿಂದ ಕಸಿದು ನನಗೆ ಸುತ್ತಿ, "ನೋಡು, ಎಷ್ಟು ಇಳದೀದಿ," ಎಂದಳು. ಟೇಪು ಹಳೆಯದು, ಜಗ್ಗಿ ಜಗ್ಗಿ ಉದ್ದವಾಗಿದೆ. ಹೊಸದು ಕೊಳ್ಳಬೇಕು.

ಡಿಸೆಂಬರ್ 10

ಕುಬಸ ಆಯಿತು. ಹಸಿರು ಜಂಪರ್ ಅವಳ ಮೈಗೆ ಅಂಟಿದ ಹಾಗೆ ಕೂತಿತು. ಇನ್ನೂ ಮೂರು ತಿಂಗಳು ಹೊಟ್ಟೆ ಬೆಳೆಯಬೇಕಲ್ಲ, ಎರಡೂ ಬದಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದೇನೆ. ಬಳೆ ತೊಡಿಸಿದೆ, ಉಡಿ ತುಂಬಿದೆ. ಮಲ್ಕಮ್ಮ ಮುಂದೆ ಮುಂದೆ ಬಂದಾಗ ಮೊಣಕೈ ಅಡ್ಡ ಇಟ್ಟೆ. ಇಷ್ಟು ದಿನ ಅವಳದಾಗಿತ್ತು, ಇವತ್ತು ತವರಿನದು.

ಹೆಂಗಸರೆಲ್ಲ ಎಷ್ಟು ಚಂದ ಕಾಣ್ತಾಳ ಎನ್ನತೊಡಗಿದಾಗ ಮಲ್ಕಮ್ಮ ಗಾಬರಿಯಾಗಿ ಉಪ್ಪು, ಮೆಣಸಿನಕಾಯಿ ತಂದಳು. ಚಂದಮ್ಮ ಅವಳ ಕೈ ತಡೆದಳು.

"ನೀವು ಬ್ಯಾಡ್ರಿ ಅತ್ತಿ. ದೃಷ್ಟಿ ಅಕ್ಕ ತಗೀಲಿ."

ಮಲ್ಕಮ್ಮ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಿದೆ. ಇಡೀ ಮನೆಯಲ್ಲಿ ಇಷ್ಟು ದಿನ ಏನೂ ತಿಳಿಯದವಳು ನಾನೊಬ್ಬಳೇ ಇರಬೇಕು. ಆದರೂ ಮುದುಕಿ ಮುಷ್ಟಿ ಬಿಚ್ಚಿ ನನ್ನ ಕೈಗೆ ಸುರಿದಳು.

ಮೂರು ಸಲ ಅವಳ ಸುತ್ತ ನಿವಾಳಿಸಿದೆ. ತಲೆಯಿಂದ ಪಾದದವರೆಗೆ, ಹೊಟ್ಟೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು. ಹೊರಗಿನವರ ಕಣ್ಣು, ಒಳಗಿನವರ ಕಣ್ಣು ಎನ್ನಬೇಕು. ಒಳಗಿನವರ ಎನ್ನುವಾಗ ನನ್ನ ದನಿ ಹೊರಡಲಿಲ್ಲ. ಅಂಗಳದ ಒಲೆಯ ಮುಂದೆ ನಿಂತಾಗ ಜುಲೈ ತಿಂಗಳ ಇಸ್ತ್ರಿ ಪೆಟ್ಟಿಗೆ ನೆನಪಾಯಿತು. ಘಾಟು ಏಳದಿದ್ದರೆ? ಆರಿದ ಕೆಂಡ ಎಂದು ಹೇಳಲು ಇವರೂ ಪಕ್ಕದಲ್ಲಿರಲಿಲ್ಲ. ಕಣ್ಣು ಮುಚ್ಚಿ ಬೆಂಕಿಗೆ ಹಾಕಿದೆ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಘಾಟು ಎದ್ದಿತು. ಮಲ್ಕಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ಹೊರಗೋಡಿದಳು, ಮಹಾದೇವಮ್ಮ ಸೀನಿದಳು, ಸುವರ್ಣಾ ನೀರು ನೀರು ಎಂದಳು, ಬಾಳೆಗಿಡದ ಹತ್ತಿರ ನಿಂತಿದ್ದ ಗಂಡಸರೂ ಕೆಮ್ಮಿದರು. ಚಂದಮ್ಮ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತ ನಗುತ್ತ, "ಸಾಕಕ್ಕಾ, ಆ ಕಡೆ ಸರಿ," ಎನ್ನುತ್ತಿದ್ದಳು. ನಾನು ಸರಿಯಲಿಲ್ಲ. ಎಲ್ಲರೂ ಕೆಮ್ಮಿ ಮುಗಿಸಿದ ಮೇಲೂ ಒಲೆಯ ಮುಂದೆ ನಿಂತು ಕೆಮ್ಮುತ್ತಲೇ ಇದ್ದೆ.